ಮೂಲ ಪಟ್ಟಿಯೋ, ಕೈಯಲ್ಲಿರುವ ನಕಲೋ? - ಗಣಕದ ಕ್ಯಾಶ್ ಮತ್ತು ಕರ್ನೆಲ್ ದೋಷಶೋಧನೆ

ಹೈದರಾಬಾದಿನಲ್ಲಿ ನೆಲೆನಿಂತಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಗಣಕಯಂತ್ರದ ಉದ್ಯೋಗಕ್ಕೆ ಒಬ್ಬರನ್ನಾದರೂ ಕಳುಹಿಸದ ಮನೆ ಇಂದು ವಿರಳ. ಕಾಚಿಗೂಡ, ಬರ್ಕತ್‌ಪುರ, ನಲ್ಲಕುಂಟಗಳಿಂದ ಮಾಧಾಪುರ, ಗಚ್ಚಿಬೌಲಿಗಳ ಕಡೆಗೆ ದಿನವೂ ಹೊರಡುವ ಮಕ್ಕಳು, ಸೊಸೆಯಂದಿರು, ಅಳಿಯಂದಿರು "ಏನು ಕೆಲಸ?" ಎಂಬ ಹಿರಿಯರ ಪ್ರಶ್ನೆಗೆ "ಸಾಫ್ಟ್‌ವೇರ್" ಎಂಬ ಒಂದೇ ಪದದಲ್ಲಿ ಉತ್ತರಿಸಿ ಮುಗಿಸಿಬಿಡುತ್ತಾರೆ. ಇವರಲ್ಲಿ ಕೆಲವರ ಕೆಲಸ ಜಾಲತಾಣ ಕಟ್ಟುವುದಲ್ಲ, ಬ್ಯಾಂಕಿನ ಲೆಕ್ಕ ಬರೆಯುವುದೂ ಅಲ್ಲ. ಹೊಸದಾಗಿ ತಯಾರಾದ ಚಿಪ್ಪಿನ ಮೇಲೆ ಕಾರ್ಯಾಚರಣ ವ್ಯವಸ್ಥೆಯನ್ನು ಮೊದಲ ಬಾರಿಗೆ ನಡೆಸುವುದು ಅವರ ಹೊಣೆ. ಆ ಕೆಲಸದಲ್ಲಿ ನಿದ್ದೆ ಕೆಡಿಸುವ ದೋಷಗಳು ಹಲವು. ಅವುಗಳ ಪೈಕಿ ಅತ್ಯಂತ ಮೋಸಗಾರನೆಂದು ಹೆಸರಾದ ಒಂದನ್ನು ಕುರಿತು, ಗಣಕವಿಜ್ಞಾನ ಓದದವರಿಗೂ ತಿಳಿಯುವಂತೆ ಬರೆಯಬೇಕೆಂಬುದು ನಮ್ಮ ಅಪೇಕ್ಷೆ.

ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ತೆರೆ, ಕೀಲಿಮಣೆ, ಸ್ಮೃತಿ, ಜಾಲ ಇವೆಲ್ಲವನ್ನೂ ನಿಭಾಯಿಸುವ ಯಜಮಾನಿಕೆ ಅದರದು. ಒಂದು ಬಗೆಯ ಪ್ರೊಸೆಸರ್‌ಗೆಂದು ಬರೆದ ಕರ್ನೆಲ್ಲನ್ನು ಇನ್ನೊಂದು ಬಗೆಯ ಪ್ರೊಸೆಸರ್ ಮೇಲೆ ನಡೆಯುವಂತೆ ಮಾಡುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ನಿಜಾಮರ ಆಳ್ವಿಕೆಯಲ್ಲಿ 1916ರಲ್ಲಿ ಕಟ್ಟಿದ ನಮ್ಮ ಕಾಚಿಗೂಡ ನಿಲ್ದಾಣ ಬಹುಕಾಲ ಮೀಟರ್ ಗೇಜ್ ರೈಲುಗಳ ನಿಲ್ದಾಣವಾಗಿತ್ತೆಂಬುದು ಹಿರಿಯರಿಗೆ ನೆನಪಿರಬಹುದು. ಬ್ರಾಡ್ ಗೇಜ್ ಬಂದಾಗ ದಾರಿಯ ಊರುಗಳು ಬದಲಾಗಲಿಲ್ಲ, ಪ್ರಯಾಣದ ಉದ್ದೇಶವೂ ಬದಲಾಗಲಿಲ್ಲ. ಹಳಿ, ಗಾಲಿ, ಎಂಜಿನ್ ಬದಲಾದವು. ಪೋರ್ಟಿಂಗ್‌ನಲ್ಲಿಯೂ ಹೀಗೆಯೇ. ಕರ್ನೆಲ್ಲಿನ ಬಹುಭಾಗ ಇದ್ದಂತೆಯೇ ಇದ್ದು, ಯಂತ್ರಕ್ಕೆ ನೇರವಾಗಿ ತಾಗುವ ಭಾಗವನ್ನು ಮಾತ್ರ ಹೊಸದಾಗಿ ಬರೆಯಬೇಕಾಗುತ್ತದೆ. ಆ ತಾಗುವ ಭಾಗದಲ್ಲಿಯೇ ಕ್ಯಾಶ್ ಎಂಬುದು ಕುಳಿತಿದೆ.

ಕ್ಯಾಶ್ ಎಂದೊಡನೆ ನಗದು ಹಣ ನೆನಪಾದರೆ ತಪ್ಪೇನಿಲ್ಲ, ಉಚ್ಚಾರ ಒಂದೇ! ಆದರೆ ಇದು ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ಇಂದಿನ ಪ್ರೊಸೆಸರ್ ಒಂದು ನ್ಯಾನೊಸೆಕೆಂಡಿನೊಳಗೆ ಕೆಲವು ಹೆಜ್ಜೆಗಳನ್ನು ಇಡಬಲ್ಲದು. ಮುಖ್ಯ ಸ್ಮೃತಿಯಿಂದ ಒಂದು ಸಂಖ್ಯೆಯನ್ನು ತರಿಸಿಕೊಳ್ಳಲು ಅದಕ್ಕೆ ನೂರರ ಆಸುಪಾಸಿನ ನ್ಯಾನೊಸೆಕೆಂಡುಗಳು ಬೇಕು. ಪ್ರತಿ ಸಲವೂ ಹೀಗೆ ಕಾಯುವುದಾದರೆ ವೇಗದ ಪ್ರೊಸೆಸರ್ ಇದ್ದೂ ಪ್ರಯೋಜನವಿಲ್ಲ. ಆದ್ದರಿಂದ ಈಗಷ್ಟೇ ಬಳಸಿದ ಭಾಗಗಳ ನಕಲನ್ನು ತನ್ನ ಪಕ್ಕದಲ್ಲಿಯೇ ಒಂದು ಚಿಕ್ಕ, ಚುರುಕಾದ ಸ್ಮೃತಿಯಲ್ಲಿ ಅದು ಇಟ್ಟುಕೊಳ್ಳುತ್ತದೆ. ಇದೇ ಕ್ಯಾಶ್. ಈ ವಿಚಾರವನ್ನು ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್ 1965ರಲ್ಲಿ ಲೇಖನವಾಗಿ ಪ್ರಕಟಿಸಿದರು. 1968ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್ 360ರ 85ನೆಯ ಮಾದರಿಯಲ್ಲಿ ಅದು ಮಾರುಕಟ್ಟೆಯ ಯಂತ್ರದೊಳಗೆ ಬಂದಿತು.

ನಕಲು ಇದ್ದಲ್ಲಿ ಮೂಲಕ್ಕೂ ನಕಲಿಗೂ ಹೊಂದಿಕೆ ತಪ್ಪುವ ಭಯ ಇದ್ದೇ ಇರುತ್ತದೆ. ಈ ಹೊಂದಿಕೆಗೆ ಇಂಗ್ಲಿಷಿನಲ್ಲಿ ಕೊಹೆರೆನ್ಸಿ ಎನ್ನುತ್ತಾರೆ. ನಾವು ಏಕವಾಕ್ಯತೆ ಎನ್ನೋಣ.

ಕಾಚಿಗೂಡದಿಂದ ಬೆಂಗಳೂರಿನ ಕಡೆಗೆ ರಾತ್ರಿ ಹೊರಡುವ ರೈಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕಚೇರಿಯಲ್ಲಿ ಮುಂಗಡ ಟಿಕೆಟಿನ ಮೂಲ ಪಟ್ಟಿ ಇದೆ. ಟಿಟಿಇ ಅದರ ನಕಲನ್ನು ಕೈಯಲ್ಲಿ ಹಿಡಿದು ಬೋಗಿಯೊಳಗೆ ನಡೆಯುತ್ತಾರೆ. ಯಾರೋ ಬರಲಿಲ್ಲ, ಇನ್ಯಾರಿಗೋ ಜಾಗ ಕೊಟ್ಟರು. ಎಲ್ಲವನ್ನೂ ಅವರು ಗುರುತು ಹಾಕುವುದು ತಮ್ಮ ನಕಲಿನ ಮೇಲೆ. ಇತ್ತ ಕರ್ನೂಲಿನ ಗುಮಾಸ್ತರು ಕಚೇರಿಯ ಮೂಲ ಪಟ್ಟಿಯನ್ನು ಮಾತ್ರ ನೋಡಬಲ್ಲರು, ತಿದ್ದುವುದನ್ನೂ ಅದರಲ್ಲಿಯೇ ತಿದ್ದುತ್ತಾರೆ. ರೈಲ್ವೆಯ ನಿಯಮ ಹೀಗೆಯೇ ಇದೆಯೆಂದಲ್ಲ. ನಮ್ಮ ವಿಷಯಕ್ಕೆ ಇಷ್ಟು ಕಲ್ಪಿಸಿಕೊಂಡರೆ ಸಾಕು. ಟಿಟಿಇ ಎಂದರೆ ಪ್ರೊಸೆಸರ್. ಅವರ ಕೈಯಲ್ಲಿರುವುದು ಕ್ಯಾಶ್. ಕಚೇರಿಯ ಪಟ್ಟಿ ಮುಖ್ಯ ಸ್ಮೃತಿ. ಕರ್ನೂಲಿನ ಗುಮಾಸ್ತರು ಎಂದರೆ ಜಾಲದ ಕಾರ್ಡು, ಡಿಸ್ಕು, ತೆರೆಯ ನಿಯಂತ್ರಕ ಮೊದಲಾದ ಸಾಧನಗಳು. ಇವು ಪ್ರೊಸೆಸರನ್ನು ಕೇಳದೆ ಮುಖ್ಯ ಸ್ಮೃತಿಯನ್ನು ತಾವೇ ಓದಿ ಬರೆಯುವ ಪದ್ಧತಿಗೆ ಡಿಎಂಎ, ಅಂದರೆ ನೇರ ಸ್ಮೃತಿ ಪ್ರವೇಶ ಎಂದು ಹೆಸರು.

ಇನ್ನೊಂದು ವಿವರವನ್ನು ಇಲ್ಲಿಯೇ ಹೇಳಿಬಿಡಬೇಕು. ಕ್ಯಾಶ್ ಒಂದೊಂದೇ ಸಂಖ್ಯೆಯನ್ನು ತರುವುದಿಲ್ಲ. ಒಂದು ಇಡೀ ಸಾಲನ್ನು ತರುತ್ತದೆ, ಒಪ್ಪಿಸುವಾಗಲೂ ಸಾಲುಗಟ್ಟಲೆ ಒಪ್ಪಿಸುತ್ತದೆ. ಸಾಲಿನ ಉದ್ದ ಸಾಮಾನ್ಯವಾಗಿ 32 ಅಥವಾ 64 ಬೈಟ್. ನಾಲ್ಕು ಬೈಟ್‌ಗೆ ಒಂದು ಪದವೆಂದು ಹಿಡಿದರೆ 32 ಬೈಟಿನ ಸಾಲಿನಲ್ಲಿ ಎಂಟು ಪದಗಳು. ಸ್ಲೀಪರ್ ಬೋಗಿಯ ಒಂದು ಅಂಕಣದಲ್ಲಿಯೂ ಬರ್ತ್‌ಗಳು ಎಂಟೇ! ಟಿಟಿಇ ಬಳಿ ಅಂಕಣಕ್ಕೊಂದು ಹಾಳೆ ಇದೆ, ಒಪ್ಪಿಸುವುದಾದರೆ ಹಾಳೆಯನ್ನೇ ಒಪ್ಪಿಸಬೇಕು ಎಂದು ಭಾವಿಸಿ.

ಈಗ ಅನಾಹುತ ಮೂರು ರೀತಿಯಲ್ಲಿ ಆಗಬಹುದು. ಟಿಟಿಇ ತಮ್ಮ ಹಾಳೆಯಲ್ಲಿ ಒಬ್ಬ ಪ್ರಯಾಣಿಕರ ಹೆಸರು ಬರೆದರು, ಕಚೇರಿಗೆ ತಿಳಿಸಲಿಲ್ಲ. ಕರ್ನೂಲಿನವರು ಮೂಲ ಪಟ್ಟಿ ನೋಡಿ ಖಾಲಿ ಇದೆಯೆಂದು ಅದೇ ಬರ್ತನ್ನು ಬೇರೆಯವರಿಗೆ ಕೊಟ್ಟರು. ಗಣಕದಲ್ಲಿ ಇದರ ಅರ್ಥ, ಪ್ರೊಸೆಸರ್ ಬರೆದದ್ದು ಕ್ಯಾಶ್‌ನಲ್ಲಿಯೇ ಉಳಿದು, ಸಾಧನವು ಸ್ಮೃತಿಯಲ್ಲಿದ್ದ ಹಳೆಯದನ್ನು ಓದಿತು. ಎರಡನೆಯದು ಇದರ ತಿರುಗುಮುರುಗು: ಕರ್ನೂಲಿನವರು ಮೂಲ ಪಟ್ಟಿಯಲ್ಲಿ ಹೊಸ ಹೆಸರು ಸೇರಿಸಿದರೂ ಟಿಟಿಇ ತಮ್ಮ ಹಳೆಯ ನಕಲನ್ನೇ ನಂಬಿ ನಡೆಯುತ್ತಾರೆ. ಜಾಲದಿಂದ ಹೊಸ ಸಂದೇಶ ಬಂದು ಸ್ಮೃತಿಯಲ್ಲಿ ಕುಳಿತಿದ್ದರೂ ಪ್ರೊಸೆಸರ್ ಓದುವುದು ಹಿಂದಿನ ಸಂದೇಶವನ್ನು.

ಮೂರನೆಯದೇ ನಿಜವಾದ ವಿಷ. ಟಿಟಿಇ ಮೂರನೆಯ ಬರ್ತಿನ ಎದುರು ಒಂದು ಗುರುತು ಹಾಕಿದ್ದಾರೆ. ಅದೇ ವೇಳೆಗೆ ಕರ್ನೂಲಿನವರು ಮೂಲ ಪಟ್ಟಿಯಲ್ಲಿ ಅದೇ ಅಂಕಣದ ಏಳನೆಯ ಬರ್ತಿಗೆ ಹೊಸ ಹೆಸರು ಬರೆದಿದ್ದಾರೆ. ಬಹಳ ಹೊತ್ತಿನ ಮೇಲೆ, ಅನಂತಪುರ ದಾಟಿದ ಬಳಿಕ, ಟಿಟಿಇ ತಮ್ಮ ಹಾಳೆಯನ್ನು ಕಚೇರಿಗೆ ಒಪ್ಪಿಸುತ್ತಾರೆ. ಹಾಳೆಯಲ್ಲಿ ಏಳನೆಯ ಬರ್ತಿನ ಹಳೆಯ ಹೆಸರೇ ಇದೆ; ಮೂಲದಲ್ಲಿದ್ದ ಹೊಸ ಹೆಸರು ಅಳಿಸಿಹೋಗುತ್ತದೆ. ಇಬ್ಬರಲ್ಲಿ ಯಾರೂ ತಮ್ಮ ಮಟ್ಟಿಗೆ ತಪ್ಪು ಮಾಡಿಲ್ಲ. ತಪ್ಪು ನಡೆದ ಜಾಗವೂ ಬೆಳಕಿಗೆ ಬಂದ ಜಾಗವೂ ಬೇರೆ ಬೇರೆ. ಕಡತವೊಂದರ ನಡುವೆ 32 ಬೈಟ್ ಕೆಟ್ಟುಹೋಗಿರುವುದು ಯಾರಿಗೋ ವಾರದ ನಂತರ ತಿಳಿಯುತ್ತದೆ. ಅದು ಮಗುವಿನ ಚಿತ್ರದ ಕಡತವಾಗಿದ್ದರೆ ಒಂದು ಬಣ್ಣದ ಗೆರೆ ಬಿದ್ದೀತು. ಆಸ್ಪತ್ರೆಯ ಉಪಕರಣದ ಕಡತವಾಗಿದ್ದರೆ?

ಪರಿಹಾರದ ಕ್ರಿಯೆಗಳು ಎರಡೇ. ನಕಲಿನಲ್ಲಿ ಬದಲಾದುದನ್ನು ಮೂಲಕ್ಕೆ ಒಪ್ಪಿಸುವುದು ಒಂದು, ನಕಲನ್ನು ರದ್ದುಮಾಡಿ ಮುಂದಿನ ಸಲ ಮೂಲದಿಂದ ಹೊಸದಾಗಿ ತರುವುದು ಇನ್ನೊಂದು. ಸಾಧನಕ್ಕೆ ಕೊಡುವ ಮೊದಲು ಒಪ್ಪಿಸು, ಸಾಧನದಿಂದ ಪಡೆಯುವಾಗ ರದ್ದುಮಾಡು. ಕೇಳಲು ಸುಲಭ. ಆದರೆ ಕರ್ನೆಲ್ಲಿನಲ್ಲಿ ಸಾಧನಗಳನ್ನು ನಡೆಸುವ ಡ್ರೈವರ್‌ಗಳು ನೂರಾರು. ಪ್ರತಿಯೊಂದರಲ್ಲಿಯೂ ಪ್ರತಿ ಹಸ್ತಾಂತರದ ವೇಳೆ ಈ ಮಾತನ್ನು ಮರೆಯದೆ ಹೇಳಬೇಕು. ಆದ್ದರಿಂದ ಅನುಭವಿಗಳು ಇದನ್ನು ವೇಗದ ಪ್ರಶ್ನೆಯೆಂದು ನೋಡುವುದಿಲ್ಲ, ಒಡೆತನದ ಪ್ರಶ್ನೆಯೆಂದು ನೋಡುತ್ತಾರೆ. ಈ ಗಳಿಗೆಯಲ್ಲಿ ಸ್ಮೃತಿಯ ಈ ತುಣುಕು ಯಾರದು, ಪ್ರೊಸೆಸರಿನದೋ ಸಾಧನದ್ದೋ? ಒಡೆತನ ಮಾತಿಲ್ಲದೆ ಕೈಬದಲಾದ ಜಾಗವನ್ನು ಹುಡುಕುವುದೇ ಈ ದೋಷಶೋಧನೆಯ ಸಾರ.

ನಮ್ಮವರೇ ರೂಪಿಸಿದ ಒಂದು ಯಂತ್ರದ ಮೂಲಕ ಇದನ್ನು ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಕೂಡಿ ರೂಪಿಸಿ 2001ರಲ್ಲಿ ಜನರ ಮುಂದಿಟ್ಟ ಸಿಂಪ್ಯೂಟರ್ ನಮ್ಮ ಓದುಗರಲ್ಲಿ ಅನೇಕರಿಗೆ ನೆನಪಿರಬೇಕು. ಅಂಗೈಯಲ್ಲಿ ಹಿಡಿಯುವ, ತೆರೆಯನ್ನು ಮುಟ್ಟಿ ನಡೆಸುವ, ಕನ್ನಡದಂಥ ಭಾಷೆಗಳಲ್ಲಿ ಸಾಮಾನ್ಯನಿಗೆ ಒದಗಬೇಕೆಂಬ ಆಶಯದ ಗಣಕ ಅದು. 2004ರಲ್ಲಿ ಅಮಿಡಾ ಎಂಬ ಹೆಸರಿನ ಮಾದರಿಯನ್ನು ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿತು. ಮಾರಾಟದಲ್ಲಿ ಅದು ಗೆಲ್ಲಲಿಲ್ಲವೆಂಬುದು ಬೇರೆ ಕಥೆ. ಸಿಂಪ್ಯೂಟರಿನ ಒಳಗೆ ಲಿನಕ್ಸ್ ಕರ್ನೆಲ್ ಇತ್ತು. ಅದರ ಕೆಳಗಿದ್ದುದು 206 ಮೆಗಾಹರ್ಟ್ಸ್ ವೇಗದ, ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಎಂಬ ಪ್ರೊಸೆಸರ್.

ಆ ಚಿಪ್ಪಿನಲ್ಲಿ ಆಜ್ಞೆಗಳಿಗೆ 16 ಕಿಲೋಬೈಟ್, ದತ್ತಾಂಶಕ್ಕೆ 8 ಕಿಲೋಬೈಟ್ ಕ್ಯಾಶ್. ಸಾಲಿನ ಉದ್ದ 32 ಬೈಟ್. ತೆರೆಗೆ ಚಿತ್ರ ಕಳುಹಿಸುವ ನಿಯಂತ್ರಕ ಅದೇ ಚಿಪ್ಪಿನೊಳಗಿದ್ದರೂ ಕ್ಯಾಶ್‌ನಲ್ಲಿ ಏನಿದೆಯೆಂಬುದು ಅದಕ್ಕೆ ಕಾಣಿಸದು; ಡಿಎಂಎ ಮೂಲಕ ಮುಖ್ಯ ಸ್ಮೃತಿಯನ್ನು ಮಾತ್ರ ಓದುತ್ತಿರುತ್ತದೆ. ಅಕ್ಷರಗಳು ತುಂಬಿದ ತೆರೆಯನ್ನು ಒಂದು ಸಾಲು ಮೇಲಕ್ಕೆ ಸರಿಸುವ ಸಂದರ್ಭವನ್ನು ಊಹಿಸಿ. ಪ್ರೊಸೆಸರ್ ಹಳೆಯ ಚುಕ್ಕೆಗಳನ್ನು ಓದಿ, ಮೇಲಿನ ಜಾಗದಲ್ಲಿ ಬರೆಯುತ್ತದೆ. ಓದಿದ ಸಾಲುಗಳು ಕ್ಯಾಶ್‌ಗೆ ಬಂದಿರುತ್ತವೆ, ಅವುಗಳ ಮೇಲೆ ಬರೆದದ್ದು ಅಲ್ಲಿಯೇ ನಿಲ್ಲುತ್ತದೆ. ಚಿತ್ರಕ್ಕೆ ಬೇಕಾದ ಸ್ಮೃತಿ 8 ಕಿಲೋಬೈಟಿಗಿಂತ ಬಹಳ ದೊಡ್ಡದಾದ್ದರಿಂದ ಹೆಚ್ಚಿನ ಭಾಗ ತಾನಾಗಿಯೇ ಹೊರಬಿದ್ದು ಸ್ಮೃತಿ ಸೇರುತ್ತದೆ. ಕೊನೆಯ ಕೆಲವು ಭಾಗ ಮಾತ್ರ ಒಳಗೆ ಸಿಕ್ಕಿಕೊಂಡಿರುತ್ತದೆ. ಪರಿಣಾಮ? ತೆರೆ ಬಹುಮಟ್ಟಿಗೆ ಸರಿಯಾಗಿದ್ದು, ಅಲ್ಲಲ್ಲಿ ಹಳೆಯ ಚಿತ್ರದ ತುಂಡುಗಳು ಅಡ್ಡಗೆರೆಗಳಂತೆ ಉಳಿಯುತ್ತವೆ. ಒಂದು ಚುಕ್ಕೆಗೆ ಒಂದು ಬೈಟ್ ಎಂದು ಹಿಡಿದರೆ ಪ್ರತಿ ತುಂಡಿನ ಉದ್ದ 32 ಚುಕ್ಕೆ, ಅಥವಾ 32ರ ಗುಣಕ. ಈ ಅಳತೆಯೇ ಕಳ್ಳನ ಹೆಜ್ಜೆಗುರುತು. ತೆರೆಯೇ ಕೆಟ್ಟಿದ್ದರೆ ಅಥವಾ ತಂತಿ ಸಡಿಲವಾಗಿದ್ದರೆ ದೋಷ ಇಷ್ಟು ಅಚ್ಚುಕಟ್ಟಾಗಿ 32ರ ಗಡಿಯಲ್ಲಿ ಆರಂಭವಾಗಿ 32ರ ಗಡಿಯಲ್ಲಿ ಮುಗಿಯುವುದಿಲ್ಲ. ಲಿನಕ್ಸ್‌ನಲ್ಲಿ ಈ ಚಿಪ್ಪಿನ ತೆರೆಯ ಡ್ರೈವರು ಚಿತ್ರದ ಸ್ಮೃತಿಯನ್ನು ಕ್ಯಾಶ್‌ನಿಂದಲೇ ಹೊರಗಿಟ್ಟು ಈ ತೊಡಕನ್ನು ನಿವಾರಿಸಿದೆ.

ಎಸ್‌ಎ-1110ರಲ್ಲಿ ಇನ್ನೊಂದು ವಿಚಿತ್ರವಿದೆ. "ಕ್ಯಾಶ್‌ನಲ್ಲಿ ಬದಲಾದ ಸಾಲುಗಳನ್ನೆಲ್ಲ ಒಪ್ಪಿಸು" ಎಂಬ ಒಂದೇ ಆಜ್ಞೆ ಅದರಲ್ಲಿಲ್ಲ. ಕರ್ನೆಲ್ ಏನು ಮಾಡುತ್ತದೆಂದರೆ, ಇದಕ್ಕೆಂದೇ ಮೀಸಲಿಟ್ಟ 8 ಕಿಲೋಬೈಟ್ ವಿಳಾಸಗಳನ್ನು ಸುಮ್ಮನೆ ಒಂದಾದ ಮೇಲೊಂದು ಓದುತ್ತಾ ಹೋಗುತ್ತದೆ. ಮದುವೆಮನೆಯಲ್ಲಿ ಹೊಸ ಪಂಕ್ತಿ ಬಂದು ನಿಂತರೆ ಹಳೆಯ ಪಂಕ್ತಿ ತಾನಾಗಿಯೇ ಏಳುವಂತೆ, ಹೊಸ ಸಾಲುಗಳಿಗೆ ಜಾಗ ಬಿಡಲು ಹಳೆಯವು ಸ್ಮೃತಿಗೆ ಹೊರಡುತ್ತವೆ! ಇಂಥ ವಿವರಗಳನ್ನು ತಿಳಿಯದೆ ಬೇರೊಂದು ಪ್ರೊಸೆಸರಿನ ಕ್ರಮವನ್ನು ಇಲ್ಲಿಗೆ ತಂದು ಅಂಟಿಸಿದರೆ ಕರ್ನೆಲ್ ನಡೆದಂತೆಯೇ ಕಂಡು ಮುಂದೆಲ್ಲೋ ಬೀಳುತ್ತದೆ.

ಇಷ್ಟೊಂದು ಡ್ರೈವರ್‌ಗಳಲ್ಲಿ ಈ ತಪ್ಪು ಉಳಿದುಕೊಳ್ಳುವುದಾದರೂ ಹೇಗೆ? ಕಾರಣ ನಮ್ಮ ಮನೆಗಳ ಮೇಜಿನ ಮೇಲಿದ್ದ ಇಂಟೆಲ್ ಬಗೆಯ ಗಣಕಗಳು. ಅವುಗಳಲ್ಲಿ ಸಾಧನವು ಸ್ಮೃತಿಯನ್ನು ಮುಟ್ಟಿದಾಗ ಯಂತ್ರಾಂಶವೇ ಕ್ಯಾಶನ್ನು ವಿಚಾರಿಸಿ ಹೊಂದಿಸಿಕೊಳ್ಳುತ್ತದೆ. ಇಂದು ಅನೇಕ ರೈಲುಗಳಲ್ಲಿ ಟಿಟಿಇಗಳ ಕೈಗೆ ಕಾಗದದ ಬದಲು ಜಾಲಕ್ಕೆ ಹೊಂದಿಕೊಂಡ ಸಾಧನ ಬಂದಿರುವಂತೆಯೇ ಇದು. ಖಾಲಿಯಾದ ಬರ್ತ್ ಕಚೇರಿಗೆ ಆಗಲೇ ತಿಳಿಯುತ್ತದೆ. ಅಂಥ ಗಣಕದ ಮೇಲೆ ಬರೆದು ಪರೀಕ್ಷಿಸಿದ ಡ್ರೈವರ್, "ಒಪ್ಪಿಸು", "ರದ್ದುಮಾಡು" ಎಂಬ ಮಾತುಗಳನ್ನು ಮರೆತಿದ್ದರೂ ವರ್ಷಗಟ್ಟಲೆ ಸರಿಯಾಗಿಯೇ ನಡೆಯುತ್ತದೆ. ಅದನ್ನು ಆರ್ಮ್ ಅಥವಾ ಮಿಪ್ಸ್ ಬಗೆಯ ಅಗ್ಗದ ಚಿಪ್ಪಿಗೆ ತಂದ ದಿನ, ಇಷ್ಟು ದಿನ ಕ್ಷಮಿಸಲ್ಪಟ್ಟಿದ್ದ ತಪ್ಪು ಬಡ್ಡಿ ಸಮೇತ ಎದುರು ನಿಲ್ಲುತ್ತದೆ. ಬಯ್ಗುಳ ಮಾತ್ರ ಹೊಸ ಚಿಪ್ಪಿಗೆ, ಇಲ್ಲವೇ ಪೋರ್ಟಿಂಗ್ ಮಾಡಿದವರಿಗೆ!

ಇನ್ನು ಶೋಧನೆಯ ಕ್ರಮ. ಮೊದಲು ನೋಡಬೇಕಾದದ್ದು ಕೆಟ್ಟಿರುವ ಭಾಗದ ಉದ್ದ ಮತ್ತು ಗಡಿ. ತೆರೆಯ ಉದಾಹರಣೆಯಲ್ಲಿ ಇದನ್ನು ಕಂಡೆವು. ಅನಂತರ ಕೆಟ್ಟಿರುವುದರ ಸ್ವರೂಪ. ಸ್ಮೃತಿಯ ಚಿಪ್ಪೇ ದುರ್ಬಲವಾಗಿದ್ದರೆ ಅಲ್ಲೊಂದು ಇಲ್ಲೊಂದು ಬಿಟ್ ತಿರುಗಿರುತ್ತದೆ. ಕ್ಯಾಶ್ ದೋಷದಲ್ಲಿ ಸಿಗುವುದು ಅರ್ಥವಿಲ್ಲದ ಕಸವಲ್ಲ, ನಿನ್ನೆಯ ಸತ್ಯ: ಹಿಂದಿನ ಸಂದೇಶ, ಹಿಂದಿನ ಚಿತ್ರ, ಡಿಸ್ಕಿನ ಹಿಂದಿನ ತುಣುಕು. ಮೂರನೆಯ ಲಕ್ಷಣ ಎಂಜಿನಿಯರುಗಳನ್ನು ಹುಚ್ಚು ಹಿಡಿಸುವಂಥದು. ಏನಾಗುತ್ತಿದೆಯೆಂದು ತಿಳಿಯಲು ಒಂದು ಮುದ್ರಣದ ಆಜ್ಞೆಯನ್ನು ಸೇರಿಸಿದರೆ ದೋಷ ಮಾಯವಾಗುತ್ತದೆ, ತೆಗೆದರೆ ಮರಳುತ್ತದೆ. ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಮುದ್ರಿಸುವ ಕೆಲಸಕ್ಕೂ ಕ್ಯಾಶ್ ಬೇಕು. ಅದು ಬಂದು ಕುಳಿತಾಗ ಸಿಕ್ಕಿಕೊಂಡಿದ್ದ ಸಾಲುಗಳು ಹೊರಬಿದ್ದು ಸ್ಮೃತಿ ಸೇರುತ್ತವೆ, ಎಲ್ಲವೂ ತಾತ್ಕಾಲಿಕವಾಗಿ ಸರಿಹೋಗುತ್ತದೆ.

ಕ್ಯಾಶನ್ನು ಪೂರ್ತಿಯಾಗಿ ಮುಚ್ಚಿ ನೋಡುವುದು ಎಲ್ಲರೂ ಮಾಡುವ ಮೊದಲ ಪರೀಕ್ಷೆ. ದೋಷ ಹೋದರೆ ಸಂಶಯ ಬಲವಾಯಿತು, ಸಿದ್ಧವಾಗಲಿಲ್ಲ; ಏಕೆಂದರೆ ಕ್ಯಾಶ್ ಇಲ್ಲದ ಯಂತ್ರ ಎಷ್ಟು ನಿಧಾನವಾಗುತ್ತದೆಂದರೆ, ಕೇವಲ ಸಮಯದ ಏರುಪೇರಿನಿಂದ ಬಂದ ಬೇರೆ ದೋಷಗಳೂ ಅಡಗಿಹೋಗುತ್ತವೆ. ಹೊಸ ಆರ್ಮ್ ಪ್ರೊಸೆಸರ್‌ಗಳಲ್ಲಿ ಇನ್ನೊಂದು ತೊಂದರೆಯೂ ಇದೆ. ಎರಡು ಕೆಲಸಗಳು ಒಂದನ್ನೊಂದು ತುಳಿಯದಂತೆ ಕಾಯುವ ಬೀಗದ ಆಜ್ಞೆಗಳು ಕ್ಯಾಶ್ ಮುಚ್ಚಿದಾಗ ಕೆಲವು ಚಿಪ್ಪುಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಕರ್ನೆಲ್ ಮೇಲೇಳುವುದೇ ಇಲ್ಲ.

ಇದಕ್ಕಿಂತ ನಾವು ಮೆಚ್ಚುವ ವಿಧಾನ ಗುರುತಿನ ಸಂಖ್ಯೆಯದು. ಸಾಧನಕ್ಕೆ ಕೊಡುವ ಜಾಗವನ್ನೆಲ್ಲ ಮೊದಲು ಗೊತ್ತಿರುವ ಒಂದೇ ಸಂಖ್ಯೆಯಿಂದ ತುಂಬಿ, ಮೂಲಕ್ಕೆ ಒಪ್ಪಿಸಿ, ಆಮೇಲೆ ಸಾಧನವನ್ನು ನಡೆಸಬೇಕು. ಕೊನೆಯಲ್ಲಿ ಗುರುತು ಹಾಗೆಯೇ ಕಂಡರೆ ಸಾಧನ ಬರೆದೇ ಇಲ್ಲವೋ, ಬರೆದದ್ದು ನಮಗೆ ಕಾಣುತ್ತಿಲ್ಲವೋ ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ಬಿಡಿಸಲು ಮಿಪ್ಸ್ ಪ್ರೊಸೆಸರ್‌ಗಳಲ್ಲಿ ಸೊಗಸಾದ ಅನುಕೂಲವಿದೆ. ಅಲ್ಲಿ ಒಂದೇ ಸ್ಮೃತಿಗೆ ಎರಡು ಕಿಟಕಿಗಳು: ಒಂದರಿಂದ ನೋಡಿದರೆ ಕ್ಯಾಶ್ ಮೂಲಕ, ಇನ್ನೊಂದರಿಂದ ನೋಡಿದರೆ ನೇರವಾಗಿ. ಎರಡರಲ್ಲಿಯೂ ಕಾಣುವುದು ಬೇರೆ ಬೇರೆಯಾದರೆ ಕಳ್ಳ ಸಿಕ್ಕಂತೆಯೇ. ಆದರೆ ಇದೇ ಉಪಾಯವನ್ನು ಆರ್ಮ್ ಮೇಲೆ ಪ್ರಯೋಗಿಸಿ, ಒಂದೇ ಜಾಗಕ್ಕೆ ಎರಡು ಗುಣದ ವಿಳಾಸಗಳನ್ನು ಕೊಟ್ಟರೆ, ಆ ಗೊಂದಲವೇ ಹೊಸ ದೋಷವನ್ನು ಹುಟ್ಟಿಸೀತು. ಹೊರಗಿನಿಂದ ಜೇಟ್ಯಾಗ್ ತಂತಿ ಜೋಡಿಸಿ ನೋಡುವವರೂ ತಮ್ಮ ಉಪಕರಣ ಸ್ಮೃತಿಯನ್ನು ಪ್ರೊಸೆಸರಿನ ಕಣ್ಣಿನಿಂದ ನೋಡುತ್ತಿದೆಯೋ, ನೇರವಾಗಿ ನೋಡುತ್ತಿದೆಯೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಒಂದೇ ವಿಳಾಸಕ್ಕೆ ಇಬ್ಬರು ಸಾಕ್ಷಿಗಳು ಎರಡು ಉತ್ತರ ಹೇಳಿದಾಗ ಯಾರನ್ನು ನಂಬುವುದು?

ಏನೂ ತೋಚದಿದ್ದಾಗ ಅತಿರೇಕಕ್ಕೆ ಹೋಗುವುದೂ ಒಂದು ದಾರಿ. ಪ್ರತಿ ವರ್ಗಾವಣೆಯ ಮೊದಲೂ ಆಮೇಲೂ ಇಡೀ ಕ್ಯಾಶನ್ನು ಒಪ್ಪಿಸಿ ರದ್ದುಮಾಡುವುದು. ದೋಷ ನಿಂತರೆ, ಹಾಗೆ ಸೇರಿಸಿದ ಆಜ್ಞೆಗಳಲ್ಲಿ ಅರ್ಧವನ್ನು ತೆಗೆಯುವುದು, ಮತ್ತೆ ಅರ್ಧವನ್ನು ತೆಗೆಯುವುದು. ಯಾವುದನ್ನು ತೆಗೆದಾಗ ದೋಷ ಮರಳಿತೋ ಅಲ್ಲಿಯೇ ಹಸ್ತಾಂತರ ತಪ್ಪಿದೆ. ಲಿನಕ್ಸ್‌ನಲ್ಲಿ 2009ರ 2.6.30ನೆಯ ಆವೃತ್ತಿಯಿಂದ ಇದಕ್ಕೆ ಒಬ್ಬ ಲೆಕ್ಕಪರಿಶೋಧಕನೂ ಇದ್ದಾನೆ. ಯೋರ್ಗ್ ರೋಡೆಲ್ ಬರೆದ ಆ ಭಾಗವನ್ನು ಸೇರಿಸಿಕೊಂಡರೆ, ಡ್ರೈವರು ಯಾವ ತುಣುಕನ್ನು ಯಾವಾಗ ಸಾಧನಕ್ಕೆ ಕೊಟ್ಟಿತು, ಮರಳಿ ಪಡೆಯಿತೇ, ಅಳತೆ ಹೊಂದುತ್ತದೆಯೇ ಎಂಬುದನ್ನೆಲ್ಲ ಕರ್ನೆಲ್ಲೇ ಬರೆದಿಟ್ಟು ತಪ್ಪಿದಲ್ಲಿ ಕೂಗುತ್ತದೆ. ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿಯೂ ಇದು ಒಡೆತನದ ತಪ್ಪನ್ನು ಹಿಡಿಯುತ್ತದೆಂಬುದು ದೊಡ್ಡ ಉಪಕಾರ. ಯಂತ್ರ ಕ್ಷಮಿಸಿದರೂ ಲೆಕ್ಕಪರಿಶೋಧಕ ಕ್ಷಮಿಸುವುದಿಲ್ಲ.

ಮೂರನೆಯ ಬಗೆಯ ದೋಷಕ್ಕೆ, ಅಂದರೆ ಒಂದೇ ಹಾಳೆಯನ್ನು ಇಬ್ಬರು ಹಂಚಿಕೊಂಡದ್ದಕ್ಕೆ, ಒಪ್ಪಿಸುವುದೂ ರದ್ದುಮಾಡುವುದೂ ಮದ್ದಲ್ಲ; ಯಾವುದನ್ನು ಮಾಡಿದರೂ ಒಬ್ಬರ ಬರಹ ಅಳಿಯುತ್ತದೆ. ಸಾಧನಕ್ಕೆ ಕೊಡುವ ಜಾಗ ಸಾಲಿನ ಗಡಿಯಲ್ಲಿಯೇ ಆರಂಭವಾಗಿ ಗಡಿಯಲ್ಲಿಯೇ ಮುಗಿಯುವಂತೆ ಬೇರೆ ಇಡುವುದೊಂದೇ ದಾರಿ. ಹಳೆಯ ಚಿಪ್ಪಿನಲ್ಲಿ 32 ಬೈಟ್ ಇದ್ದ ಸಾಲು ಹೊಸದರಲ್ಲಿ 64 ಆದಾಗ, 32ರ ಲೆಕ್ಕದಲ್ಲಿ ಬೇರೆಯಾಗಿದ್ದವರು ಮತ್ತೆ ಒಂದೇ ಹಾಳೆಗೆ ಬಂದುಬಿಡುತ್ತಾರೆ. ಪೋರ್ಟಿಂಗ್ ಮಾಡುವವರು ಮರೆಯಬಾರದ ಸಂಖ್ಯೆ ಇದು.

ಕಾಲ ಕಳೆದಂತೆ ಪ್ರೊಸೆಸರ್‌ಗಳು ಅತಿಜಾಣವೂ ಆದವು. ಮುಂದಿನ ಅಂಕಣದ ಹಾಳೆ ಬೇಕಾದೀತೆಂದು ಯಾರೂ ಕೇಳದೆಯೇ ಮೊದಲೇ ತರಿಸಿಟ್ಟುಕೊಳ್ಳುವ ಟಿಟಿಇಯನ್ನು ಊಹಿಸಿಕೊಳ್ಳಿ. ಎಸ್‌ಎ-1110ರ ಕಾಲದಲ್ಲಿ ಈ ಮುಂಗಡ ಜಾಣತನ ಇರಲಿಲ್ಲ. ಸಾಧನಕ್ಕೆ ಕೊಡುವ ಮೊದಲು ನಕಲನ್ನು ರದ್ದುಮಾಡಿದರೆ ಸಾಕಾಗಿತ್ತು, ಯಾರೂ ಮುಟ್ಟದ ಹೊರತು ಅದು ಮರಳಿ ಬರುತ್ತಿರಲಿಲ್ಲ. ಹೊಸ ಆರ್ಮ್ ಪ್ರೊಸೆಸರ್‌ಗಳಲ್ಲಿ ಸಾಧನ ಇನ್ನೂ ಬರೆಯುತ್ತಿರುವಾಗಲೇ ಆ ಜಾಗದ ಹಳೆಯ ನಕಲು ತಾನಾಗಿ ಕ್ಯಾಶ್ ಸೇರಬಹುದು. ಆದ್ದರಿಂದ ಮೊದಲೂ ರದ್ದುಮಾಡಬೇಕು, ಮುಗಿದ ಮೇಲೂ ರದ್ದುಮಾಡಬೇಕು. ಲಿನಕ್ಸ್‌ನ ಆರ್ಮ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸೆಲ್ ಕಿಂಗ್ ಈ ಬದಲಾವಣೆಯನ್ನು ತಂದದ್ದು 2010ರ ಸುಮಾರಿಗೆ. ಹತ್ತು ವರ್ಷ ಸರಿಯಾಗಿದ್ದ ಒಂದು ಕ್ರಮ, ಅದರಲ್ಲಿ ಒಂದಕ್ಷರವೂ ಬದಲಾಗದೆ, ಯಂತ್ರ ಬದಲಾದದ್ದರಿಂದ ತಪ್ಪಾಯಿತು!

ಆಜ್ಞೆಗಳ ಕ್ಯಾಶ್ ಬೇರೆ, ದತ್ತಾಂಶದ ಕ್ಯಾಶ್ ಬೇರೆ ಎಂಬುದರಿಂದ ಹುಟ್ಟುವ ಒಂದು ಪ್ರಸಂಗವನ್ನೂ ಹೇಳಬೇಕು. ಡಿಸ್ಕಿನಿಂದ ಒಂದು ಕಾರ್ಯಕ್ರಮವನ್ನು ಡಿಎಂಎ ಇಲ್ಲದೆ ಪ್ರೊಸೆಸರೇ ಒಂದೊಂದಾಗಿ ನಕಲು ಮಾಡಿ ಸ್ಮೃತಿಯಲ್ಲಿ ಇಡುತ್ತದೆ ಎನ್ನೋಣ. ನಕಲಾದ ಆಜ್ಞೆಗಳು ದತ್ತಾಂಶದ ಕ್ಯಾಶ್‌ನಲ್ಲಿ ಕುಳಿತಿವೆ. ಕಾರ್ಯಕ್ರಮ ಆರಂಭವಾದಾಗ ಆಜ್ಞೆಗಳ ಕ್ಯಾಶ್ ಹೋಗಿ ತರುವುದು ಮುಖ್ಯ ಸ್ಮೃತಿಯಿಂದ. ಅಲ್ಲಿರುವುದು ಹಳೆಯ ಕಸ. ಮೊದಲ ಸಲ ನಡೆಸಿದಾಗ ಕಾರ್ಯಕ್ರಮ ಅರ್ಥವಾಗದ ಆಜ್ಞೆಯೆಂದು ಕುಸಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಡೆಸಿದರೆ ಸರಾಗವಾಗಿ ನಡೆಯುತ್ತದೆ, ಏಕೆಂದರೆ ಅಷ್ಟರಲ್ಲಿ ಸಾಲುಗಳು ಹೊರಬಿದ್ದಿರುತ್ತವೆ. ಡಿಎಂಎ ಬಳಸುವ ಡಿಸ್ಕಿನಿಂದ ತಂದರೆ ತೊಂದರೆಯೇ ಇಲ್ಲ. ಆಗ ಜನ ಡಿಸ್ಕನ್ನು ಬದಲಾಯಿಸುತ್ತಾರೆ, ಕಂಪೈಲರನ್ನು ಬಯ್ಯುತ್ತಾರೆ. ಬೇಕಾಗಿದ್ದದ್ದು ಒಂದು ಕಡೆ ಒಪ್ಪಿಸಿ ಇನ್ನೊಂದು ಕಡೆ ರದ್ದುಮಾಡುವ ಎರಡು ಸಾಲಿನ ಬರಹ.

ಸರದಿಯ ವಿಚಾರ ಇದರ ನೆಂಟ. ಎಲೆ ಹಾಕುವ ಮೊದಲೇ "ಊಟಕ್ಕೆ ಏಳಿ" ಎಂದು ಕರೆದಂತೆ, ಸ್ಮೃತಿಯಲ್ಲಿ ಬರೆದ ಮಾಹಿತಿ ಇನ್ನೂ ದಾರಿಯಲ್ಲಿರುವಾಗಲೇ ಸಾಧನಕ್ಕೆ ಹೊಡೆದ ಗಂಟೆ ಮೊದಲು ತಲುಪಬಹುದು. ಇದಕ್ಕೆ ನಡುವೆ ತಡೆಯ ಆಜ್ಞೆಯೊಂದನ್ನು ಇಡುತ್ತಾರೆ.

ಹಂಚಿಕೊಳ್ಳದೇ ಇದ್ದುಬಿಟ್ಟರೆ ಈ ಜಗಳವೇ ಇಲ್ಲವಲ್ಲ ಎಂದು ಕೇಳಬಹುದು. ಹಲವು ಪ್ರೊಸೆಸರ್‌ಗಳನ್ನು ಒಂದಾಗಿ ದುಡಿಸುವಾಗ ಅವುಗಳ ಕ್ಯಾಶ್‌ಗಳ ನಡುವೆಯೂ ಇದೇ ಪ್ರಶ್ನೆ ಏಳುತ್ತದೆ. ಅಲ್ಲಿ ಹಾಗೆ ಮಾಡಿದವರೂ ನಮ್ಮ ಊರಿನಲ್ಲಿಯೇ ಇದ್ದರು. ಕಂಚನ್‌ಬಾಗ್‌ನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯು 1988ರಲ್ಲಿ ಆರಂಭಿಸಿದ ಅನುರಾಗ್ ಪ್ರಯೋಗಾಲಯ, ವಿಮಾನಗಳ ವಾಯುಚಲನೆಯ ಲೆಕ್ಕಕ್ಕಾಗಿ ಪೇಸ್ ಎಂಬ ಸಮಾಂತರ ಗಣಕವನ್ನು ಕಟ್ಟಿತು. ಅದರ ಪ್ರೊಸೆಸರ್‌ಗಳು ಒಂದೇ ಸ್ಮೃತಿಗೆ ಕೈಹಾಕದೆ, ಪರಸ್ಪರ ಸಂದೇಶ ಕಳುಹಿಸಿಕೊಂಡು ಕೆಲಸ ಮಾಡುತ್ತಿದ್ದವು. ಆದರೆ ಅಂಗೈಯಗಲದ ಗಣಕದಲ್ಲಿ, ಎಲ್ಲವೂ ಒಂದೇ ಸ್ಮೃತಿಯಿಂದ ಬದುಕಬೇಕಾದಲ್ಲಿ, ತೆರೆಗೊಂದು ಜಾಲಕ್ಕೊಂದು ಸ್ಮೃತಿ ಕೊಡುವ ಐಷಾರಾಮ ಸಾಧ್ಯವಿಲ್ಲ.

ಈ ವಿಷಯ ಹಳತಾಯಿತೆಂದು ತಿಳಿಯುವಂತೆಯೂ ಇಲ್ಲ. ಯಾರೂ ಪರವಾನಗಿ ಶುಲ್ಕವಿಲ್ಲದೆ ಬಳಸಬಹುದಾದ ರಿಸ್ಕ್-5 ಎಂಬ ಪ್ರೊಸೆಸರ್ ವಿನ್ಯಾಸ 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿತು. ಮದರಾಸಿನ ಐಐಟಿಯಲ್ಲಿ ಪ್ರೊಫೆಸರ್ ವಿ. ಕಾಮಕೋಟಿ ಅವರ ತಂಡ ಅದನ್ನು ಅನುಸರಿಸಿ ರೂಪಿಸಿದ ಶಕ್ತಿ ಚಿಪ್ಪಿನ ಮೇಲೆ 2018ರಲ್ಲಿ ಲಿನಕ್ಸ್ ನಡೆಯಿತು. ಆದರೆ ಆರಂಭದ ರಿಸ್ಕ್-5 ನಿಯಮಾವಳಿಯಲ್ಲಿ ಕ್ಯಾಶನ್ನು ಒಪ್ಪಿಸುವ, ರದ್ದುಮಾಡುವ ಪ್ರಮಾಣಿತ ಆಜ್ಞೆಗಳೇ ಇರಲಿಲ್ಲ. ಯಂತ್ರಾಂಶವೇ ಏಕವಾಕ್ಯತೆ ಕಾಯುತ್ತದೆಂಬ ನಂಬಿಕೆಯಲ್ಲಿ ಕರ್ನೆಲ್ ನಡೆದಿತ್ತು. 2021ರಲ್ಲಿ ಸ್ಟಾರ್‌ಫೈವ್ ಸಂಸ್ಥೆಯ ಜೆಎಚ್-7100 ಎಂಬ ಚಿಪ್ಪು ಅಗ್ಗದ ಫಲಕದ ಮೇಲೆ ಬಂದಾಗ, ಅದರ ಸಾಧನಗಳಿಗೆ ಕ್ಯಾಶ್ ಕಾಣಿಸದೆಂಬ ಸಂಗತಿ ಎಲ್ಲರ ತಲೆನೋವಾಯಿತು. ಪ್ರಮಾಣಿತ ಆಜ್ಞೆಗಳಿಗೆ ಅದೇ ವರ್ಷದ ಕೊನೆಗೆ ಒಪ್ಪಿಗೆ ದೊರೆಯಿತು. ಲಿನಕ್ಸ್‌ಗೆ ಅವು ಸೇರಿದ್ದು 2022ರ 6.0ನೆಯ ಆವೃತ್ತಿಯಲ್ಲಿ.

ಇಂದು ಪೋರ್ಟಿಂಗ್ ಮಾಡುವವರು ಫಲಕದ ಪ್ರತಿ ಸಾಧನದ ವಿವರವನ್ನು ಡಿವೈಸ್ ಟ್ರೀ ಎಂಬ ಕಡತದಲ್ಲಿ ಬರೆದು ಕರ್ನೆಲ್ಲಿಗೆ ಕೊಡುತ್ತಾರೆ. ಸಾಧನಕ್ಕೆ ಕ್ಯಾಶ್ ಕಾಣಿಸುವುದೇ ಇಲ್ಲವೇ ಎಂಬುದೂ ಅದರಲ್ಲಿ ಒಂದು ಸಾಲು. ಕಾಣಿಸದಿದ್ದರೂ ಕಾಣಿಸುತ್ತದೆಂದು ಬರೆದರೆ ಏನಾಗುತ್ತದೆಂಬುದನ್ನು ಓದುಗರು ಈಗ ತಾವೇ ಊಹಿಸಬಲ್ಲರು. ಕಾಣಿಸುವ ಸಾಧನಕ್ಕೆ ಕಾಣಿಸದೆಂದು ಬರೆಯುವುದೂ ಸುರಕ್ಷಿತವಲ್ಲ. ಸಾಧನ ತನ್ನ ಬರಹವನ್ನು ಕ್ಯಾಶ್‌ನಲ್ಲಿಟ್ಟು ಹೋಗಿರುತ್ತದೆ. ಕರ್ನೆಲ್ ಕ್ಯಾಶನ್ನು ಬದಿಗೊತ್ತಿ ನೇರವಾಗಿ ಸ್ಮೃತಿಯನ್ನು ನೋಡಿ, ಅಲ್ಲಿ ಹಳೆಯದನ್ನೇ ಕಾಣುತ್ತದೆ. ಆದ್ದರಿಂದ ಹೊಸ ಫಲಕ ಮೇಜಿನ ಮೇಲೆ ಬಂದ ದಿನವೇ ಚಿಪ್ಪಿನ ಕೈಪಿಡಿಯನ್ನು ತೆರೆದು ಪ್ರತಿ ಸಾಧನದ ಎದುರು ಈ ಒಂದು ಪ್ರಶ್ನೆಗೆ ಉತ್ತರ ಬರೆದುಕೊಳ್ಳುತ್ತಾರೆ. ಕೈಪಿಡಿ ಮೌನವಾಗಿದ್ದಲ್ಲಿ, ಗುರುತಿನ ಸಂಖ್ಯೆ ತುಂಬಿ ಒಂದೊಂದಾಗಿ ಪರೀಕ್ಷಿಸುತ್ತಾರೆ.